ಗ್ರಿಲ್ ಜಾಲರಿಗೂ ಬೇಕು ರೊಟ್ಟಿ ಹಂಚಿನ ಆರೈಕೆ

ಗೋಕಾಕ: ಜೋಳದ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚನ್ನು ಪಳಗಿಸುವ ಬಗೆ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳ ಅಡುಗೆಮನೆಗಳಿಗೆ ಹೊಸದಲ್ಲ. ಹೊಸ ಹಂಚಿಗೆ ಎಣ್ಣೆ ಸವರಿ ಕಾಯಿಸಿದ ನಂತರವೇ ಅದು ಬಳಕೆಗೆ ಸಿದ್ಧವಾಗುತ್ತದೆ. ತೊಳೆದು ಒದ್ದೆಯಾಗಿಯೇ ಬಿಟ್ಟರೆ ಮರುದಿನ ತುಕ್ಕು ಕಾಣಿಸುತ್ತದೆ. ತಾರಸಿ ಅಥವಾ ಅಂಗಳದಲ್ಲಿ ಬದನೆಕಾಯಿ, ಗೋವಿನಜೋಳದ ತೆನೆ, ಮಾಂಸ ಸುಡಲು ಬಳಸುವ ಗ್ಯಾಸ್ ಗ್ರಿಲ್‌ನ ಜಾಲರಿಗೂ ಇದೇ ನಿಯಮ ಅನ್ವಯಿಸುತ್ತದೆ. ಆದರೆ ಅನೇಕರು ಜಾಲರಿಯನ್ನು ಪಾತ್ರೆಯಂತೆ ಹೊಳೆಯುವವರೆಗೆ ಉಜ್ಜಲು ಮುಂದಾಗುತ್ತಾರೆ. ಇದರಿಂದ ಜಾಲರಿ ಹಾಳಾಗುವುದಷ್ಟೇ ಅಲ್ಲ, ಉಣ್ಣುವವರ ಆರೋಗ್ಯಕ್ಕೂ ಅಪಾಯ ಎದುರಾಗಬಹುದು.

ತಂತಿ ಬ್ರಷ್ ಬೇಡ

ಜಾಲರಿ ಉಜ್ಜಲು ಬಳಸುವ ತಂತಿ ಬ್ರಷ್‌ನ ಸೂಕ್ಷ್ಮ ಎಳೆಗಳು ಕಳಚಿ ಸರಳುಗಳಿಗೆ ಅಂಟಿಕೊಳ್ಳುತ್ತವೆ. ಮುಂದಿನ ಬಾರಿ ಆಹಾರದೊಂದಿಗೆ ಇವು ಹೊಟ್ಟೆ ಸೇರುತ್ತವೆ. ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ 2011ರ ಮಾರ್ಚ್‌ನಿಂದ 2012ರ ಜೂನ್‌ವರೆಗೆ ಇಂತಹ ಆರು ಪ್ರಕರಣಗಳು ದಾಖಲಾಗಿದ್ದವು. ಕೆಲವರಿಗೆ ನುಂಗುವಾಗ ಗಂಟಲು ನೋವು ಕಾಣಿಸಿಕೊಂಡರೆ, ಇನ್ನು ಕೆಲವರ ಕರುಳಿಗೇ ತಂತಿ ಚುಚ್ಚಿತ್ತು. 2002ರಿಂದ 2014ರ ಅವಧಿಯಲ್ಲಿ ಆ ದೇಶದಲ್ಲಿ 1,600ಕ್ಕೂ ಹೆಚ್ಚು ಮಂದಿ ಹೀಗೆ ಗಾಯಗೊಂಡಿರಬಹುದೆಂದು 2016ರ ಅಧ್ಯಯನವೊಂದು ಅಂದಾಜಿಸಿದೆ. ಪಾತ್ರೆ ತಿಕ್ಕುವ ಸ್ಟೀಲ್ ನಾರಿನ ಎಳೆಗಳೂ ಇದೇ ರೀತಿ ಉಳಿಯುವ ಸಾಧ್ಯತೆ ಇರುವುದರಿಂದ ಅದನ್ನೂ ದೂರವಿಡುವುದು ಲೇಸು.

ಬಿಸಿ ಇರುವಾಗಲೇ ಶುಚಿ

ಅಡುಗೆ ಮುಗಿದ ಕೂಡಲೇ 10ರಿಂದ 15 ನಿಮಿಷ ಉರಿಯನ್ನು ಹೆಚ್ಚಿಸಿದರೆ ಅಂಟಿದ ಜಿಡ್ಡು ಸುಟ್ಟು ಕರಕಲಾಗುತ್ತದೆ. ನಂತರ ಗ್ಯಾಸ್ ಬಂದ್ ಮಾಡಿ, ಉದ್ದ ಹಿಡಿಕೆಯ ಕಟ್ಟಿಗೆಯ ಪಟ್ಟಿಯಿಂದ ಕರಕನ್ನು ಕೆರೆಯಬೇಕು. ಅರ್ಧಕ್ಕೆ ಕೊಯ್ದ ಉಳ್ಳಾಗಡ್ಡಿಯನ್ನು ಇಕ್ಕಳದಲ್ಲಿ ಹಿಡಿದು ತಿಕ್ಕಿದರೆ ಉಳಿದ ಪುಡಿಯೂ ಬಿಡುತ್ತದೆ. ದೋಸೆ ಹಂಚಿಗೆ ಮಾಡುವ ಉಪಾಯವೇ ಇದು. ಜಾಲರಿ ಪೂರ್ತಿ ತಣ್ಣಗಾದ ಮೇಲೆ ಬೆಚ್ಚನೆಯ ಸಾಬೂನು ನೀರು ಹಾಗೂ ತೆಂಗಿನ ನಾರಿನಿಂದ ತೊಳೆಯಬಹುದು.

ಲೋಹಕ್ಕೆ ತಕ್ಕ ಆರೈಕೆ

ಎರಕದ ಕಬ್ಬಿಣದ ಜಾಲರಿಯನ್ನು ನೀರಿನಲ್ಲಿ ನೆನೆಯಿಡಬಾರದು. ತೊಳೆದ ತಕ್ಷಣ ಒರೆಸಿ, ಉರಿಯ ಮೇಲೆ ಕೆಲ ನಿಮಿಷ ಇಟ್ಟು ತೇವ ಆರಿಸಬೇಕು. ಬಳಿಕ ಎಣ್ಣೆಯನ್ನು ತೆಳುವಾಗಿ ಸವರಿ ಮತ್ತೊಮ್ಮೆ ಕಾಯಿಸಿದರೆ ಗಟ್ಟಿಯಾದ ಕಪ್ಪು ಪದರ ಮೂಡುತ್ತದೆ. ಈ ಪದರವೇ ತುಕ್ಕನ್ನು ತಡೆದು, ಆಹಾರ ಅಂಟದಂತೆ ಕಾಯುತ್ತದೆ. ಈ ಭಾಗದಲ್ಲಿ ಪರಿಚಿತವಾದ ಕುಸುಬೆ ಎಣ್ಣೆಗೆ ಶೇಂಗಾ ಎಣ್ಣೆಗಿಂತ ಬೇಗ ಗಟ್ಟಿಯಾಗುವ ಗುಣವಿದೆ. ಎಣ್ಣೆ ದಪ್ಪವಾದರೆ ಮಾತ್ರ ಅದು ಅಂಟಂಟಾಗಿ ಧೂಳು ಹಿಡಿಯುತ್ತದೆ.

ಪಿಂಗಾಣಿ ಲೇಪನವಿರುವ ಜಾಲರಿಗೆ ಲೋಹದ ಸೌಟು ತಾಗಿಸಬಾರದು. ಲೇಪನ ಎದ್ದ ಜಾಗದಲ್ಲಿ ತುಕ್ಕು ಆರಂಭವಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಬಣ್ಣಗೆಟ್ಟರೂ ಬಾಳಿಕೆಗೆ ತೊಂದರೆಯಿಲ್ಲ.

ಜಾಲರಿಯ ಕೆಳಗೂ ಗಮನವಿರಲಿ

ಸೋರಿದ ಕೊಬ್ಬು ಜಾಲರಿಯ ಕೆಳಗಿನ ತಟ್ಟೆಯಲ್ಲಿ ಸಂಗ್ರಹವಾಗಿ ಒಮ್ಮೆಲೇ ಹೊತ್ತಿಕೊಳ್ಳಬಹುದು. ಪ್ರತಿ ಬಳಕೆಯ ನಂತರ, ತಣ್ಣಗಾದ ಮೇಲೆ ಅದನ್ನು ಖಾಲಿ ಮಾಡುವುದು ಅಗತ್ಯ. ಉರಿ ನೀಲಿಯಾಗಿರದೆ ಹಳದಿಯಾಗಿದ್ದರೆ ಬರ್ನರ್‌ನ ರಂಧ್ರಗಳು ಕಟ್ಟಿರುವ ಸಾಧ್ಯತೆ ಇರುತ್ತದೆ. ಬಹುದಿನ ಬಳಸದ ಗ್ರಿಲ್‌ನ ಗ್ಯಾಸ್ ಕೊಳವೆಗಳಲ್ಲಿ ಜೇಡ ಬಲೆ ಕಟ್ಟುವುದೂ ಉಂಟು. ಅಡುಗೆ ಅನಿಲ ಗಾಳಿಗಿಂತ ಭಾರವಾಗಿದ್ದು ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಹೀಗಾಗಿ ಹೊತ್ತಿಸುವ ಮುನ್ನ ಮುಚ್ಚಳ ತೆರೆದಿರಲೇಬೇಕು.

ನೆನಪಿಡಿ

* ಪೈಪ್ ಹಾಗೂ ರೆಗ್ಯುಲೇಟರ್ ಜೋಡಣೆಗೆ ಸಾಬೂನು ನೀರು ಹಚ್ಚಿ ಪರೀಕ್ಷಿಸಿ. ಗುಳ್ಳೆ ಎದ್ದರೆ ಗ್ಯಾಸ್ ಸೋರುತ್ತಿದೆ ಎಂದರ್ಥ.
* ಸೋರಿಕೆ ಕಂಡುಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ದೂರ ಸರಿದು 1906 ಸಹಾಯವಾಣಿಗೆ ಕರೆ ಮಾಡಿ.
* ಮಳೆ ಬಂದಿತೆಂದು ಗ್ರಿಲ್ ಅನ್ನು ಮನೆಯೊಳಗೆ ಹೊತ್ತಿಸಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಪ್ರಾಣಕ್ಕೆ ಎರವಾಗುತ್ತದೆ.
* ಪೂರ್ತಿ ಒಣಗಿದ ನಂತರವೇ ಹೊದಿಕೆ ಹಾಕಿ. ಒಳಗೆ ತೇವ ಉಳಿದರೆ ಹೊದಿಕೆಯೇ ತುಕ್ಕಿಗೆ ಕಾರಣವಾಗುತ್ತದೆ.