ಕನ್ನಡಕದೊಳಗಿನ ಪರದೆಯೋ, ಗೋಡೆಯ ಮೇಲಿನ ಬೆಳಕೋ?

ಕಂಪ್ಯೂಟರಿನ ಪರದೆ ಮೇಜಿನಿಂದ ಮಡಿಲಿಗೆ, ಮಡಿಲಿನಿಂದ ಅಂಗೈಗೆ ಬಂದಾಯಿತು. ಮುಂದೆ ಅದಕ್ಕೆ ಎರಡು ದಾರಿಗಳಿವೆ: ಕಣ್ಣಿಗೆ ಧರಿಸುವ ಪರದೆ ಮತ್ತು ಚೀಲದಲ್ಲಿ ಒಯ್ಯುವ ಕಿರು ಪ್ರೊಜೆಕ್ಟರ್. ಧರ್ಮಕೇಂದ್ರದ ಕೆಲಸಕ್ಕೆ ಯಾವುದು ಸೂಕ್ತ ಎಂಬುದನ್ನು ನಾವು ಇಲ್ಲಿ ನೋಡೋಣ.

ಪ್ರೊಜೆಕ್ಟರಿನ ತೊಂದರೆ ಬೆಳಕಿನದು. ಗೋಡೆಯಿಂದ ದೂರ ಎರಡು ಪಟ್ಟಾದರೆ ಚಿತ್ರದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಹೊಳಪು ಕಾಲು ಭಾಗಕ್ಕೆ ಇಳಿಯುತ್ತದೆ. 2012ರಲ್ಲಿ ಸ್ಯಾಮ್‌ಸಂಗ್ ಕಂಪೆನಿ ಮೊಬೈಲಿನೊಳಗೇ ಪ್ರೊಜೆಕ್ಟರ್ ಅಳವಡಿಸಿತು. ಅದರ ಬೆಳಕು ಕೇವಲ 15 ಲ್ಯೂಮೆನ್. ಕತ್ತಲ ಕೋಣೆಗಷ್ಟೇ ಅದು ಸಾಕು. 2024ರಲ್ಲಿ ಹ್ಯೂಮೇನ್ ಎಂಬ ಅಮೆರಿಕದ ಕಂಪೆನಿ ಅಂಗೈಯ ಮೇಲೆ ಅಕ್ಷರ ಮೂಡಿಸುವ ಸಾಧನವನ್ನು ಮಾರುಕಟ್ಟೆಗೆ ತಂದು, 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು.

ಕನ್ನಡಕದ ಪರದೆ ಕಣ್ಣಿನ ಹತ್ತಿರವೇ ಇರುವುದರಿಂದ ಅದಕ್ಕೆ ಹೆಚ್ಚು ಬೆಳಕು ಬೇಡ. ಓದುವುದನ್ನು ಪಕ್ಕದವರು ನೋಡಲಾರರು. ಆದರೆ ತೂಕ, ಬೆಲೆ ಎರಡೂ ಕಾಡುತ್ತವೆ. 2013ರಲ್ಲಿ ಗೂಗಲ್ ಗ್ಲಾಸ್‌ನ ಬೆಲೆ 1,500 ಡಾಲರ್ ಇತ್ತು. 2015ರಲ್ಲಿ ಜನಸಾಮಾನ್ಯರಿಗೆ ಅದರ ಮಾರಾಟ ನಿಂತಿತು. 2024ರಲ್ಲಿ ಬಂದ ಆಪಲ್ ವಿಷನ್ ಪ್ರೊ 600 ಗ್ರಾಂಗಿಂತ ಹೆಚ್ಚು ಭಾರವಿತ್ತು. ಈಗಿನ ಕನ್ನಡಕಗಳು ಹಗುರವಾಗಿದ್ದು, ಹಲವುಗಳಲ್ಲಿ ಕ್ಯಾಮೆರಾ ಕೂಡ ಇದೆ.

ನಾವು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಎದುರಿಗಿರುವವರಿಗೆ ತಮ್ಮ ಮಾತು, ಮುಖ ದಾಖಲಾಗುತ್ತಿದೆಯೇ ಎಂಬುದು ಸುಲಭವಾಗಿ ತಿಳಿಯದು. ಪಾಪನಿವೇದನೆಯಲ್ಲಿ ಗುರುಗಳಾಗಲಿ, ನಿವೇದಿಸುವವರಾಗಲಿ ಆಡಿದ ಮಾತನ್ನು ಯಾವುದೇ ಸಾಧನದಿಂದ ದಾಖಲಿಸುವುದು ಧರ್ಮಸಭೆಯಲ್ಲಿ ಶಿಕ್ಷಾರ್ಹ ಅಪರಾಧ. 2021ರಲ್ಲಿ ಪರಿಷ್ಕೃತಗೊಂಡ ಧರ್ಮಸಭೆಯ ಕಾನೂನು ಸಂಹಿತೆಯ 1386ನೇ ಕಲಮು ಇದನ್ನು ಸ್ಪಷ್ಟಪಡಿಸಿದೆ. ಆದ್ದರಿಂದ ಇಂತಹ ಕನ್ನಡಕವನ್ನು ಪಾಪನಿವೇದನೆಗೆ ಮೊದಲು ತೆಗೆದಿಡುವುದು ಕ್ಷೇಮ. ನೊಂದವರ ಮನೆಗೆ ಭೇಟಿ ನೀಡುವಾಗಲೂ ಇದೇ ಸೂಕ್ಷ್ಮತೆ ಇರಲಿ.

ಕ್ರೈಸ್ತ ಶಿಕ್ಷಣದ ತರಗತಿಗೆ, ವಾಳೆಯ ಕೂಟಕ್ಕೆ ಪ್ರೊಜೆಕ್ಟರೇ ಸಾಕು. ಕೊಳ್ಳುವ ಮೊದಲು ಅದನ್ನು ಅಂಗಡಿಯಲ್ಲಲ್ಲ, ಕೂಟ ನಡೆಯುವ ಕೋಣೆಯಲ್ಲೇ ಹಗಲು ಹೊತ್ತಿನಲ್ಲಿ ಉರಿಸಿ ನೋಡಿ. ಕೊನೆಯ ಸಾಲಿನಿಂದ ಅಕ್ಷರ ಓದಲು ಬರಬೇಕು. ಕಣ್ಣಿನ ದೋಷವುಳ್ಳವರಿಗೆ ಅಕ್ಷರ ದೊಡ್ಡದಾಗಿ ತೋರಿಸುವ ಕನ್ನಡಕ ನೆರವಾಗಬಹುದು, ಅದನ್ನು ಬೇಡವೆನ್ನಲಾಗದು. ಆದರೆ ಕನ್ನಡಕದ ಚಿತ್ರ ಒಬ್ಬರಿಗೆ ಮಾತ್ರ. ಗೋಡೆಯ ಮೇಲಿನ ಚಿತ್ರ ಮಂಕಾಗಿದ್ದರೂ ಅಜ್ಜಿ, ಮೊಮ್ಮಗು ಇಬ್ಬರೂ ಅದನ್ನು ಒಟ್ಟಿಗೆ ನೋಡಿ ಮಾತನಾಡಬಲ್ಲರು. ಸಮುದಾಯಕ್ಕೆ ಬೇಕಾದುದು ಅದೇ.