ಘರ್ಜನೆಯೂ ಸಂಗೀತವೆ?

ಹೊದಿಕೆಯ ಮೇಲೆ ಶವ, ತಲೆಬುರುಡೆ, ನೆತ್ತರು. ಒಳಗೆ ಕಾಡುಮೃಗದ ಗರ್ಜನೆಯನ್ನು ಹೋಲುವ ಗಾಯನ. ‘ಡೆತ್ ಮೆಟಲ್’ ಎಂಬ ಸಂಗೀತದ ಮುದ್ರಿಕೆಯೊಂದನ್ನು ಮೊದಲ ಸಲ ಕೈಗೆತ್ತಿಕೊಂಡವರು ಬೆಚ್ಚುವುದು ಸಹಜ. ಇದನ್ನು ಕೇಳುವ ತರುಣರ ಹೃದಯ ಕಲ್ಲಾಗದೆ ಎಂದು ಹಿರಿಯರು ಶಂಕಿಸುವುದೂ ಸಹಜವೆ. ಉತ್ತರವನ್ನು ಅರಸುವ ಮುನ್ನ, ಆ ಧ್ವನಿ ಹುಟ್ಟುವ ಬಗೆಯನ್ನು ನಾವು ಪರಿಶೀಲಿಸೋಣ.

ಈ ಸಂಗೀತವು 1980ರ ದಶಕದಲ್ಲಿ ಅಮೆರಿಕದಲ್ಲಿ ರೂಪು ತಳೆಯಿತು. ಫ್ಲಾರಿಡಾದ ಚಕ್ ಶುಲ್ಡಿನರ್ ಅವರ ‘ಡೆತ್’ ತಂಡವು 1987ರಲ್ಲಿ ‘ಸ್ಕ್ರೀಮ್ ಬ್ಲಡಿ ಗೋರ್’ ಎಂಬ ಮುದ್ರಿಕೆಯನ್ನು ಹೊರತಂದಿತು. ಸ್ವೀಡನ್ನಿನ ‘ಎಂಟೂಂಬ್ಡ್’ ತಂಡದ ‘ಲೆಫ್ಟ್ ಹ್ಯಾಂಡ್ ಪಾತ್’ 1990ರಲ್ಲಿ ಬಂದಿತು. ಇದಕ್ಕೆ ಹತ್ತಿರದ ನಂಟಿರುವ ಇಂಗ್ಲೆಂಡಿನ ‘ಕಾರ್ಕಸ್’ ತಂಡವಂತೂ 1988ರ ತನ್ನ ಮೊದಲ ಮುದ್ರಿಕೆಯ ಹೊದಿಕೆಗೆ ಶವಪರೀಕ್ಷೆಯ ಚಿತ್ರಗಳನ್ನೇ ಜೋಡಿಸಿತು.

ಗಿಟಾರಿನ ಅತಿ ದಪ್ಪ ತಂತಿಯು ವಾಡಿಕೆಯ ಶ್ರುತಿಯಲ್ಲಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಈ ವಾದಕರು ಅದನ್ನು ಸಡಿಲಿಸಿ 73ಕ್ಕೆ, ಕೆಲವರು 62ಕ್ಕೂ ಇಳಿಸುತ್ತಾರೆ. ಬಳಿಕ ಧ್ವನಿವರ್ಧಕಕ್ಕೆ ಅದರ ಶಕ್ತಿಗೆ ಮೀರಿದ ಸಂಕೇತವನ್ನು ಉಣಿಸುತ್ತಾರೆ. ಸೇರಿನಲ್ಲಿ ಕಾಳು ಅಳೆಯುವಾಗ ಮೇಲಿನ ರಾಶಿಯನ್ನು ಅಂಗೈಯಿಂದ ಸವರಿ ಮಟ್ಟಮಾಡುವುದಿಲ್ಲವೆ? ಹಾಗೆಯೇ ಇಲ್ಲಿ ತರಂಗದ ಶಿಖರಗಳು ಸಮತಟ್ಟಾಗುತ್ತವೆ. ಹೀಗೆ ವಿರೂಪಗೊಂಡ ತರಂಗದಲ್ಲಿ ಮೂಲ ಆವೃತ್ತಿಯ ಮೂರು ಮಡಿ, ಐದು ಮಡಿ, ಏಳು ಮಡಿ ಆವೃತ್ತಿಯ ಉಪಸ್ವರಗಳು ಬಲಗೊಳ್ಳುತ್ತವೆ. ಕರ್ಕಶತೆಯ ಗುಟ್ಟು ಇದೇ. ಇನ್ನೊಂದು ಸೋಜಿಗವೂ ಉಂಟು. 82 ಮತ್ತು 123 ಕಂಪನಗಳ ಎರಡು ಸ್ವರಗಳನ್ನು, ಎಂದರೆ ಷಡ್ಜ ಪಂಚಮಗಳನ್ನು, ಒಟ್ಟಿಗೆ ನುಡಿಸಿದರೆ, ಅವುಗಳ ಅಂತರವಾದ 41 ಕಂಪನಗಳ ಸ್ವರವೂ ವರ್ಧಕದಿಂದ ಹೊಮ್ಮುತ್ತದೆ. ಅದನ್ನು ಯಾವ ತಂತಿಯೂ ನುಡಿದಿರುವುದಿಲ್ಲ!

ಇನ್ನು ಕಂಠದ ವಿಷಯ. ನಮ್ಮ ಧ್ವನಿತಂತುಗಳ ಮೇಲುಗಡೆ ‘ಹುಸಿ ಧ್ವನಿತಂತು’ ಎಂಬ ಮಡಿಕೆಗಳಿವೆ. ಮಾತನಾಡುವಾಗ ಅವು ಸುಮ್ಮನಿರುತ್ತವೆ. ಈ ಗಾಯನದಲ್ಲಿ ಅವೂ ಅಡ್ಡಾದಿಡ್ಡಿಯಾಗಿ ಅದುರಿ ಧ್ವನಿಯನ್ನು ದೊರಗಾಗಿಸುತ್ತವೆ. ದೊರಗು ಧ್ವನಿಗೆ ನಮ್ಮ ಮಿದುಳು ಬೇಗ ಎಚ್ಚರಗೊಳ್ಳುತ್ತದೆ. ಮನುಷ್ಯನ ಚೀತ್ಕಾರದಲ್ಲಿ ಧ್ವನಿಯ ಪ್ರಬಲತೆಯು ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುವುದೆಂದೂ, ಅದು ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗವನ್ನು ಚುರುಕುಗೊಳಿಸುವುದೆಂದೂ 2015ರ ಸಂಶೋಧನೆಯೊಂದು ತೋರಿಸಿತು.

ಹಾಗಾದರೆ ಹೃದಯ ಕಲ್ಲಾಗುವುದೆ? ಆಸ್ಟ್ರೇಲಿಯದ ಮ್ಯಾಕ್ವಾರಿ ವಿಶ್ವವಿದ್ಯಾನಿಲಯದವರು 2019ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನೇ ಪರೀಕ್ಷಿಸಿತು. ಈ ಸಂಗೀತದ 32 ಅಭಿಮಾನಿಗಳಿಗೂ 48 ಇತರರಿಗೂ ಒಂದು ಕಣ್ಣಿಗೆ ಹಿಂಸೆಯ ಚಿತ್ರವನ್ನು, ಇನ್ನೊಂದಕ್ಕೆ ಸಾಮಾನ್ಯ ಚಿತ್ರವನ್ನು ಏಕಕಾಲದಲ್ಲಿ ತೋರಿಸಲಾಯಿತು. ಅಪಾಯಕ್ಕೆ ಎಚ್ಚರವಾಗಿರುವ ಮಿದುಳು ಹಿಂಸೆಯ ಚಿತ್ರವನ್ನೇ ಹೆಚ್ಚು ಕಾಲ ಗಮನಿಸುತ್ತದೆ. ಅಭಿಮಾನಿಗಳ ಮನಸ್ಸು ಮರಗಟ್ಟಿದ್ದರೆ ಈ ಎಚ್ಚರ ಅವರಲ್ಲಿ ಕುಗ್ಗಿರಬೇಕಿತ್ತು. ಆದರೆ ಹಾಗಾಗಲಿಲ್ಲ, ಇತರರಂತೆಯೇ ಅವರೂ ಎಚ್ಚರವಾಗಿದ್ದರು.

ಎಂಬತ್ತು ಜನರ ಪ್ರಯೋಗವು ಕೊನೆಯ ಮಾತಲ್ಲ. ಕೆಲವು ಪದ್ಯಗಳ ಕ್ರೌರ್ಯವನ್ನು ಅದು ಸಮರ್ಥಿಸುವುದೂ ಇಲ್ಲ. ಆದರೂ ಕೇಳುಗರ ರುಚಿಯನ್ನು ಕಂಡ ಮಾತ್ರಕ್ಕೆ ಅವರ ಶೀಲವನ್ನು ಅಳೆಯಲಾಗದೆಂಬುದಕ್ಕೆ ಅದು ಸಾಕ್ಷಿ. ನಮ್ಮ ಆಲಂಕಾರಿಕರು ಬೀಭತ್ಸವನ್ನೂ ರಸಗಳಲ್ಲಿ ಎಣಿಸಿದರು. ಜುಗುಪ್ಸೆಯೇ ಅದರ ಸ್ಥಾಯಿಭಾವ. ನಿಜವಾದ ನೆತ್ತರಿಗೆ ಹೇಸುವ ಮನಸ್ಸೇ ಬಣ್ಣದ ನೆತ್ತರನ್ನು ರಸವಾಗಿ ಸವಿಯಬಲ್ಲುದು. ತೀರ್ಪು ನೀಡುವ ಮುನ್ನ ಪ್ರಯೋಗ ಮಾಡುವುದು ವಿಜ್ಞಾನದ ರೀತಿ. ನೆರೆಹೊರೆಯ ಹುಡುಗನ ವಿಷಯದಲ್ಲೂ ನಾವು ಆ ರೀತಿಯನ್ನು ಪಾಲಿಸಬಹುದಲ್ಲವೆ?