ಸೂಪರ್‌ಚಾರ್ಜರ್ ಕಾರು: ಕೆಡುವುದು ಹೊಸ ಪಾರ್ಟಲ್ಲ, ಅದರ ಪಕ್ಕದ್ದು

ಹೊರಗಿನ ಪರ್ಫಾರ್ಮೆನ್ಸ್ ಪಾರ್ಟ್ ಹಾಕಿದರೆ ಕಾರು ಬಾಳುತ್ತದೋ ಇಲ್ಲವೋ ಎನ್ನುವ ಜಗಳಕ್ಕೆ 2002ರಿಂದ 2006ರವರೆಗೆ ಮಾರಾಟವಾದ ಮಿನಿ ಕೂಪರ್ ಎಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆಕ್ಸ್‌ಫರ್ಡ್‌ನಲ್ಲಿ ತಯಾರಾದ ಪುಟ್ಟ ಕಾರು, ಬ್ರೆಜಿಲ್‌ನಿಂದ ಬಂದ 1.6 ಲೀಟರ್ ಎಂಜಿನ್, ಈಟನ್ ಎಂ45 ಸೂಪರ್‌ಚಾರ್ಜರ್. ಮೊದಲ ಕಾರುಗಳ ಶಕ್ತಿ 163 ಅಶ್ವಶಕ್ತಿ. ಕೊಂಡವರು ಅಷ್ಟಕ್ಕೆ ಸುಮ್ಮನಿದ್ದರೆ ಈ ಲೇಖನವೇ ಬೇಕಿರಲಿಲ್ಲ.

ತಪ್ಪು ಕಲ್ಪನೆ: ಕಂಪನಿ ಪಾರ್ಟ್ ಗಟ್ಟಿ, ಹೊರಗಿನದು ಜೊಳ್ಳು.

ಈ ಕಾರಿನಲ್ಲಿ ಮೊದಲು ಕೈಕೊಡುವವುಗಳಲ್ಲಿ ಕಂಪನಿಯದೇ ಕ್ರ್ಯಾಂಕ್ ಪುಲ್ಲಿ ಒಂದು. ಎರಡು ಲೋಹದ ಬಳೆಗಳ ನಡುವೆ ಕಂಪನ ಹೀರಲು ರಬ್ಬರ್ ಇದೆ. ವರ್ಷಗಳು ಕಳೆದಂತೆ ಅದು ಬಿಟ್ಟುಕೊಳ್ಳುತ್ತದೆ, ಬೆಲ್ಟ್ ಹಾರುತ್ತದೆ. ಇದಕ್ಕೆ ಹೊರಗಿನ ಒಳ್ಳೆಯ ಡ್ಯಾಂಪರ್ ಹಾಕಿದರೆ ಕಾರಿನ ಆಯುಸ್ಸು ಹೆಚ್ಚುತ್ತದೆ. ಹಗುರ ಎಂದು ರಬ್ಬರೇ ಇಲ್ಲದ ಇಡೀ ಅಲ್ಯೂಮಿನಿಯಂ ಪುಲ್ಲಿ ಹಾಕಿದರೋ, ಕಂಪನವೆಲ್ಲ ಕ್ರ್ಯಾಂಕಿನ ಪಾಲು. ಎರಡೂ ಹೊರಗಿನವೇ!

ತಪ್ಪು ಕಲ್ಪನೆ: ಸೂಪರ್‌ಚಾರ್ಜರ್ ಪುಲ್ಲಿ ಚಿಕ್ಕದಾದಷ್ಟೂ ಲಾಭ.

ಎಂ45 ಪ್ರತಿ ಸುತ್ತಿಗೆ 45 ಘನ ಅಂಗುಲ, ಅಂದರೆ ಸುಮಾರು 0.74 ಲೀಟರ್ ಗಾಳಿ ತಳ್ಳುತ್ತದೆ. ಪುಲ್ಲಿಯ ವ್ಯಾಸ 15% ಇಳಿಸಿದರೆ ವೇಗ 15% ಅಲ್ಲ, ಸುಮಾರು 18% ಏರುತ್ತದೆ. 19% ಇಳಿಸಿದರೆ 23% ದಾಟುತ್ತದೆ. ಗಾಳಿಯ ಜೊತೆಗೆ ಬಿಸಿಯೂ ಏರುತ್ತದೆ. ಎಂಜಿನ್ ಮೇಲೆ ಕೂತ ಇಂಟರ್‌ಕೂಲರ್‌ಗೆ ಬಾನೆಟ್ಟಿನ ತೂತಿನಿಂದ ಗಾಳಿ ಬರುವುದು ಕಾರು ಓಡುತ್ತಿದ್ದರೆ ಮಾತ್ರ. ಬಿಸಿಗಾಳಿಗೆ ನಾಕಿಂಗ್ ಶುರುವಾದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಕಿಡಿಯನ್ನು ತಡವಾಗಿಸುತ್ತದೆ, ದುಡ್ಡು ಕೊಟ್ಟು ತಂದ ಶಕ್ತಿಯಲ್ಲಿ ಒಂದಿಷ್ಟು ಅಲ್ಲೇ ಸೋರಿತು.

ತಪ್ಪು ಕಲ್ಪನೆ: ಚಿಕ್ಕ ಪುಲ್ಲಿ ಹಾಕಿದ್ದಕ್ಕೇ ಸೂಪರ್‌ಚಾರ್ಜರ್ ಹೋಯಿತು.

ಇಲ್ಲೇ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು. ಈ ಕಾರಿನ ವಾಟರ್ ಪಂಪ್ ನೇರವಾಗಿ ಬೆಲ್ಟಿನಿಂದ ತಿರುಗುವುದಿಲ್ಲ. ಸೂಪರ್‌ಚಾರ್ಜರಿನ ಹಿಂತುದಿಯ ಗಿಯರ್‌ಗಳು ಅದನ್ನು ತಿರುಗಿಸುತ್ತವೆ. ಆ ಗಿಯರ್‌ಗಳಿಗೆ ಎಂಜಿನ್ ಆಯಿಲ್ ಹೋಗುವುದಿಲ್ಲ. ಅವುಗಳದ್ದೇ ಪುಟ್ಟ ಗೂಡು, ಅದರಲ್ಲಿ ಒಂದಿಷ್ಟು ಎಣ್ಣೆ. ಇದು ಜೀವಮಾನಪೂರ್ತಿ ಸಾಕು ಎಂಬ ನಂಬಿಕೆಯಲ್ಲಿ ಯಾರೂ ಮುಚ್ಚಳ ತೆಗೆಯಲಿಲ್ಲ. ಯಾರ ಜೀವಮಾನ ಎಂದು ಕೇಳಿದವರೂ ಇಲ್ಲ. ಎಂಜಿನ್ ಕಾವಿಗೆ ವರ್ಷಗಟ್ಟಲೆ ಬೆಂದ ಎಣ್ಣೆ ಒಣಗುತ್ತದೆ, ಗಿಯರ್ ಹಲ್ಲು ಸವೆಯುತ್ತದೆ, ಒಂದು ದಿನ ಪಂಪ್ ನಿಲ್ಲುತ್ತದೆ. ಸೂಪರ್‌ಚಾರ್ಜರ್ ಆಗಲೂ ಹಾಯಾಗಿ ತಿರುಗುತ್ತಿರಬಹುದು. ಎಂಜಿನ್ ಮಾತ್ರ ಕುದಿಯುತ್ತದೆ, ಹೆಡ್ ಗ್ಯಾಸ್ಕೆಟ್‌ಗೆ ಕುತ್ತು. ಚಿಕ್ಕ ಪುಲ್ಲಿ ಈ ಸವೆತವನ್ನು ಬೇಗ ಮಾಡೀತು, ಅದು ಹುಟ್ಟಿಸಿದ್ದಲ್ಲ. ಪುಲ್ಲಿಗೆ ಮುಂಚೆ ಸೂಪರ್‌ಚಾರ್ಜರ್ ಬಿಚ್ಚಿಸಿ ಎರಡೂ ತುದಿಯ ಎಣ್ಣೆ ಬದಲಿಸಿ. ಎಣ್ಣೆಗಿಂತ ಕೂಲಿಯೇ ಹೆಚ್ಚು, ಆದರೂ ಮಾಡಿಸಿ.

ತಪ್ಪು ಕಲ್ಪನೆ: ಉಳಿದದ್ದನ್ನು ಇಸಿಯು ಸರಿದೂಗಿಸುತ್ತದೆ.

ಸ್ವಲ್ಪ ಮಟ್ಟಿಗೆ ಹೌದು. ಆದರೆ ಇಂಜೆಕ್ಟರ್ ಸಣ್ಣದಿದ್ದರೆ ಅದು ಪೆಟ್ರೋಲನ್ನು ಎಲ್ಲಿಂದ ತಂದೀತು? ಕಂಪನಿಯ ಜಾನ್ ಕೂಪರ್ ವರ್ಕ್ಸ್ ಕಿಟ್ಟನ್ನೇ ನೋಡಿ. ಚಿಕ್ಕ ಪುಲ್ಲಿಯೊಂದನ್ನೇ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಸಿಲಿಂಡರ್ ಹೆಡ್, ಎಕ್ಸಾಸ್ಟ್, ಇಸಿಯು ಪ್ರೋಗ್ರಾಂ ಸೇರಿಸಿ 200 ಅಶ್ವಶಕ್ತಿ ಮುಟ್ಟಿಸಿದರು. ಮುಂದೆ 210ಕ್ಕೆ ಏರಿಸುವಾಗ ಇಂಜೆಕ್ಟರನ್ನೂ ದೊಡ್ಡದು ಮಾಡಿದರು.

ತಪ್ಪು ಕಲ್ಪನೆ: ಓಪನ್ ಫಿಲ್ಟರ್ ಹಾಕಿದರೆ ಗಾಡಿ ಹಾರುತ್ತದೆ.

ಹಾರುವುದು ಸದ್ದು. ಮರೆಯಿಲ್ಲದ ಫಿಲ್ಟರ್ ಬಾನೆಟ್ ಒಳಗಿನ ಬಿಸಿಗಾಳಿಯನ್ನೇ ಎಳೆಯುತ್ತದೆ. ಸೂಪರ್‌ಚಾರ್ಜರಿನ ಆ ಸಿಳ್ಳು ಕೇಳಲು ಚೆಂದವೇ, ನನಗೂ ಇಷ್ಟ. ಅದಕ್ಕೋಸ್ಕರವೇ ಹಾಕಿಸಿಕೊಳ್ಳುವುದಾದರೆ ನನ್ನ ತಕರಾರಿಲ್ಲ.